ಒಣಗದ ಬೆವರು

"ಕೆಳಗಿಡಿ! ಲೋಟ ಕೆಳಗಿಡಿ ಅಂದೆ!"

ಜರಡಿ ಕೂಗಿದ ಕೂಗಿಗೆ ಹುದುಗಜ್ಜನ ಕೈ ತುಟಿಗೆ ನಾಲ್ಕು ಬೆರಳು ದೂರದಲ್ಲಿ ನಿಂತುಬಿಟ್ಟಿತು. ಪುಟ್ಟ ಲೋಟದೊಳಗಿನ ಹೊಂಬಣ್ಣದ ದ್ರವ ತುಳುಕಿ ಎರಡು ಹನಿ ಬಿಳಿ ಟೈಲ್ಸಿನ ಮೇಜಿನ ಮೇಲೆ ಬಿತ್ತು.

"ಇದೊಳ್ಳೆ ಕತೆ ಆಯ್ತಲ್ಲಮ್ಮ! ಮೂವತ್ತೆರಡು ವರ್ಷದಿಂದ ಇದೇ ಕೋಣೇಲಿ ರುಚಿ ನೋಡ್ತಿದೀನಿ. ನಾನು ಮಾಡಿದ ಬಿಯರ್ ನಾನು ಕುಡಿಯೋಕೆ ನಿಮ್ಮ ಅಪ್ಪಣೆ ಬೇಕಾ?"

"ಇದು ಚಿಗರೆ ಕುಡಿದ ಬಾಟಲಿ ಅಂತ ಈಗ ತಾನೇ ನೀವೇ ಹೇಳಿದ್ರಿ."

"ಹೌದು. ಅರ್ಧ ಕುಡಿದು ಅರ್ಧ ಬಿಟ್ಟಿದ್ಲು."

"ಆ ಅರ್ಧ ಕುಡಿದವಳು ಈಗ ಎಲ್ಲಿದಾಳೆ ಅಜ್ಜ?"

ಮುದುಕ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. 

ನಿನ್ನೆ ಬೆಳಿಗ್ಗೆ ಓಟ ಗೆದ್ದು ವೇದಿಕೆ ಮೇಲೆ ನಗುನಗುತ್ತಾ 'ದಮ್ಮು' ಬಿಯರ್ ಕುಡಿದ ಚಿಗರೆ ಈಗ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಳು. ಬೆಳಗಿನಿಂದ ಮೂತ್ರ ಕಟ್ಟಿತ್ತು. ಅದೇ ಓಟದಲ್ಲಿ ಅದೇ ಬಿಯರನ್ನು ನಾಲ್ಕು ಸಾವಿರ ಜನ ಕುಡಿದಿದ್ದರು. ಅವರಲ್ಲಿ ಒಬ್ಬನಿಗೂ ಒಂದು ಬಿಕ್ಕಳಿಕೆ ಕೂಡ ಬಂದಿರಲಿಲ್ಲ.

"ಏನು ಹೊಟ್ಟೆಗೆ ಹೋಗಿದೆ ಅಂತ ಸಂಜೆ ಐದು ಗಂಟೆಯೊಳಗೆ ಹೇಳಿ, ಏನಾದ್ರೂ ಮಾಡ್ತೀನಿ. ಲ್ಯಾಬ್ ರಿಪೋರ್ಟ್ ಬರೋಕೆ ಮೂರು ದಿನ. ಅಷ್ಟು ದಿನ ಅವಳು ಇರಲ್ಲ" ಎಂದಿದ್ದಳು ಡಾಕ್ಟರಮ್ಮ.

ಗೋಡೆ ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು.

ಆ ಹೆಂಗಸಿಗೆ ಜರಡಿ ಎಂಬ ಹೆಸರು ಯಾರು ಇಟ್ಟರೋ, ಸರಿಯಾಗಿಯೇ ಇಟ್ಟಿದ್ದರು. ಹಿಟ್ಟು ಬೇಕಾದವರು ಹಿಟ್ಟು ತಗೊಳ್ಳಲಿ, ನನಗೆ ಉಳಿದ ಕಲ್ಲು ಸಾಕು ಎನ್ನುವ ಪತ್ತೇದಾರಿಣಿ ಅವಳು. ಇಪ್ಪತ್ತು ವರ್ಷದ ಕಸುಬಿನಲ್ಲಿ ಎಷ್ಟೋ ಜನ ಅವಳೆದುರು ಕೂತು ಅತ್ತಿದ್ದರು. ಆದರೆ ನಿನ್ನೆ ಸಂಜೆ ಚಿಗರೆಯ ಅಣ್ಣ ಅತ್ತ ಹಾಗೆ ಯಾರೂ ಅತ್ತಿರಲಿಲ್ಲ. ತಾಯಿಯಿಲ್ಲದ ತಂಗಿಯನ್ನು ಸಾಕಿದವನು, ಬೂಟು ಕಟ್ಟುವುದರಿಂದ ಹಿಡಿದು ಓಡುವುದರ ತನಕ ಕಲಿಸಿದ ಕೋಚ್. "ಯಾರು ಮಾಡಿದ್ರು ಅಂತ ಹುಡುಕಿಕೊಡಿ ಮೇಡಂ" ಎಂದು ಅವಳ ಎರಡೂ ಕೈ ಹಿಡಿದುಕೊಂಡಿದ್ದ. ತನಗೂ ಒಬ್ಬ ಅಣ್ಣ ಇದ್ದಿದ್ದರೆ ಹೀಗೇ ಅಳುತ್ತಿದ್ದನೇನೋ ಎಂದುಕೊಂಡು ಅವಳು ಮಾತು ಕೊಟ್ಟಿದ್ದಳು.

"ಅಜ್ಜ, ಪೊಲೀಸರು ವೇದಿಕೆ ಹತ್ರದ ಐಸ್ ಟಬ್ಬಿನ ಬಾಟಲಿಗಳನ್ನೆಲ್ಲ ಸೀಲ್ ಮಾಡ್ಕೊಂಡು ಹೋದ್ರು. ಇದೊಂದು ಹೇಗೆ ಉಳೀತು?"

"ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ರಾತ್ರಿಯೆಲ್ಲ ಠಾಣೇಲಿ ಕೂರಿಸಿದ್ರಲ್ಲ, 'ಏನು ಬೆರೆಸಿದೆ, ಏನು ಬೆರೆಸಿದೆ' ಅಂತ ಒಂದೇ ಪ್ರಶ್ನೆ."

"ಎತ್ತಿಟ್ಟುಕೊಂಡದ್ದು ಯಾಕೆ?"

ಅಜ್ಜ ನಾಚಿಕೊಂಡ. "ಅದು ನನ್ನ ಚಾಳಿ ಕಣಮ್ಮ. ಯಾರಾದ್ರೂ ಅರ್ಧ ಕುಡಿದು ಬಿಟ್ಟ ಬಾಟಲಿ ಕಂಡ್ರೆ ಎತ್ಕೊಂಡು ಬರ್ತೀನಿ. ಯಾಕೆ ಬಿಟ್ರು ಅಂತ ತಿಳೀಬೇಕಲ್ಲ? ಪೂರ್ತಿ ಕುಡಿದವನು ಏನೂ ಕಲಿಸಲ್ಲ. ಬಿಟ್ಟವನೇ ನನಗೆ ಮೇಷ್ಟ್ರು."

ಗೋಡೆಯ ಕಪಾಟಿನ ತುಂಬ ಅಂಥ ಅರೆಬರೆ ಬಾಟಲಿಗಳು ಬಿರಡೆ ಹಾಕಿಸಿಕೊಂಡು, ತಾರೀಕು ಅಂಟಿಸಿಕೊಂಡು ನಿಂತಿದ್ದವು. ಬಾಗಿಲಿಗೆ ಒರಗಿದ್ದ ಭಾವ ಅದನ್ನು ನೋಡಿ ತಲೆ ಕೆರೆದುಕೊಂಡ. ಜರಡಿಯ ಅಕ್ಕನ ಗಂಡ ಅವನು. ಗ್ಯಾರೇಜಿನಲ್ಲಿ ಅರ್ಧ ಆಯುಷ್ಯ ಕಳೆದು, ಈಗ ನಾದಿನಿಯ ಕಾರು ಓಡಿಸಿಕೊಂಡು, ಕೇಳದ ಸಲಹೆ ಕೊಟ್ಟುಕೊಂಡು ಇದ್ದ.

"ಅಲ್ಲಾ ಅಜ್ಜ, ಬಿಯರಿಗೆ ದಮ್ಮು ಅಂತ ಹೆಸರಿಟ್ಟ ಪುಣ್ಯಾತ್ಮ ಯಾರು? ನಮ್ಮಜ್ಜಿ ಸತ್ತದ್ದೇ ದಮ್ಮಿನಿಂದ."

"ಮೇಲಿನ ಮಹಡಿಯ ಸ್ಲೋಗನ್ ಸಾಹೇಬ. ಮಾರಾಟದ ಮುಖ್ಯಸ್ಥ" ಎಂದ ಅಜ್ಜ, ಕಹಿ ನುಂಗಿದವನಂತೆ. "ಓಡೋರ ಬಿಯರ್ ಬೇಕು ಅಂದ. ಅರ್ಧ ಮದ್ಯ, ಕಾಲು ಕ್ಯಾಲೊರಿ, ಬೆವರಲ್ಲಿ ಹೋದ ಉಪ್ಪು ವಾಪಸ್. ಮಾಡಿಕೊಟ್ಟೆ. ಜಿಮ್ಮಿನ ಕನ್ನಡಿ ಮೇಲೆಲ್ಲ ಅಂಟಿಸಿದ."

ಜರಡಿ ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಅವಳ ಕಣ್ಣು ಬಾಟಲಿಯ ಮೇಲೆ ನೆಟ್ಟಿತ್ತು.

ಬಾಟಲಿ ಬೆವರುತ್ತಿತ್ತು.

ಕುತ್ತಿಗೆಯಿಂದ ಬುಡದ ತನಕ, ಲೇಬಲ್ಲಿನ ಬೂಟಿನ ಚಿತ್ರದ ಮೇಲೂ ಸಣ್ಣ ಸಣ್ಣ ಹನಿ. ಈಗಷ್ಟೇ ಐಸಿನಿಂದ ಎತ್ತಿದ ಹಾಗೆ.

"ಇದನ್ನ ಫ್ರಿಜ್ಜಲ್ಲಿ ಇಟ್ಟಿದ್ರಾ?"

"ಇಲ್ಲಮ್ಮ. ನಿನ್ನೆ ಹತ್ತು ಗಂಟೆಯಿಂದ ಇದೇ ಕಪಾಟಲ್ಲಿದೆ."

ಜರಡಿ ಕೈಗವಸು ತೊಟ್ಟು ಬಾಟಲಿ ಮುಟ್ಟಿದಳು. ಕಿಟಕಿಯ ಬಿಸಿಲಿಗೆ ಬೆಚ್ಚಗಾಗಿತ್ತು. ಇಪ್ಪತ್ತೆಂಟು ಗಂಟೆ ಕಳೆದಿತ್ತು. ಬೆಚ್ಚಗಿನ ಬಾಟಲಿಯ ಮೇಲೆ ತಣ್ಣೀರಿನ ಹನಿ ನಿಲ್ಲುವುದೆಂದರೇನು? ಒಂದು ಹನಿಯನ್ನು ಬೆರಳಲ್ಲಿ ಒತ್ತಿದಳು. ಅದು ಹರಿಯಲಿಲ್ಲ, ಅಂಟಿಕೊಂಡು ಎಳೆಯಾಗಿ ಎದ್ದು ಬಂತು.



"ಅಜ್ಜ, ಕುಡೀಬೇಡಿ. ಮೂಸಿ ಮಾತ್ರ ನೋಡಿ."

ಹುದುಗಜ್ಜ ಲೋಟವನ್ನು ಮೂಗಿನ ಕೆಳಗೆ ಒಂದು ಸುತ್ತು ತಿರುಗಿಸಿದ. ಕಣ್ಣು ಮುಚ್ಚಿದವನು ಥಟ್ಟನೆ ತೆರೆದ.

"ಇದು ನನ್ನದಲ್ಲ."

"ಅಂದ್ರೆ?"

"ಇದು ಬಿಯರೇ ಅಲ್ಲ! ಹುದುಗಿಲ್ಲ, ಹಾಪ್ಸ್ ಅನ್ನೋ ಕಹಿ ಹೂವಿನ ವಾಸನೆ ಇಲ್ಲ. ಚಹಾ... ಚಹಾ ಡಿಕಾಕ್ಷನ್ ವಾಸನೆ ಬರ್ತಿದೆ. ಅದರ ಹಿಂದೆ ಏನೋ ಸಿಹಿ."

"ನಿಮ್ಮ ಬಿಯರ್ ಸಿಹಿ ಇರಲ್ವಾ?"

"ಸಿಹಿ ಇದ್ರೆ ಅದು ಓಡೋರ ಬಿಯರ್ ಹೇಗಾಗುತ್ತೆ? ಒಂದು ಕಣ ಸಕ್ಕರೆನೂ ಬಿಡದ ಹಾಗೆ ಹುದುಗಿಗೆ ತಿನ್ನಿಸಿಬಿಡ್ತೀನಿ. ಕ್ಯಾಲೊರಿ ಕಮ್ಮಿ ಆಗೋದೇ ಅದರಿಂದ. ನಾಲಿಗೆ ಮೇಲೆ ಒಣ ಕಡ್ಡಿ ಇಟ್ಟ ಹಾಗಿರುತ್ತೆ ನನ್ನ ದಮ್ಮು."

ಭಾವ ಬಾಗಿಲಿಂದ ನೆಟ್ಟಗಾದ. "ನಾದಿನಿ... ಆ ಹುಡುಗಿ ವಿಡಿಯೋದಲ್ಲಿ ಏನಂದ್ಲು?"

ಜೇಬಿನಿಂದ ಫೋನ್ ತೆಗೆದು ಒತ್ತಿದ. ನಿನ್ನೆಯಿಂದ ಊರಿಗೆ ಊರೇ ನೋಡುತ್ತಿದ್ದ ವಿಡಿಯೋ. ಕೊರಳಲ್ಲಿ ಪದಕ, ಹಣೆಗೆ ಅಂಟಿದ ಕೂದಲು, ಕೈಯಲ್ಲಿ ಬೆವರುವ ಬಾಟಲಿ. ಚಿಗರೆ ಗಟಗಟ ಕುಡಿದಳು, ಹುಬ್ಬು ಮೇಲೇರಿಸಿ ಕ್ಯಾಮೆರಾ ಕಡೆ ನೋಡಿ ನಕ್ಕಳು.

"ಅಯ್ಯೋ, ಸಿಹಿ ಇದೆಯಲ್ಲಾ!"

ಅದರ ಕೆಳಗೆ ದಪ್ಪಕ್ಷರದಲ್ಲಿ ಮೂಡಿತು: ಗೆದ್ದವರಿಗೆ ದಮ್ಮು ಸಿಹಿ.

ಹುದುಗಜ್ಜ ಫೋನಿನಿಂದ ಮುಖ ತಿರುಗಿಸಿದ. "ಸಾಯೋ ಹುಡುಗಿಯ ಮಾತನ್ನ ಜಾಹೀರಾತು ಮಾಡಿದಾನಲ್ಲಮ್ಮ..."

*

ಮೇಲಿನ ಮಹಡಿಯಲ್ಲಿ ಗಾಜಿನ ಕೋಣೆ. ಗೋಡೆಗುಂಟ ಹದಿನಾಲ್ಕು ಜೊತೆ ಓಟದ ಬೂಟು, ಒಂದರ ಅಡಿಗೂ ಮಣ್ಣು ತಾಗಿರಲಿಲ್ಲ. ಮೂಲೆಯಲ್ಲಿ ಶೂಟಿಂಗಿನ ದೀಪಗಳು, ಒಂದು ಉದ್ದದ ಫ್ರೀಜರ್. ಅದರ ಪಕ್ಕದ ಮೇಜಿನ ಕೆಳಗೆ ಡಬ್ಬಿ, ಬ್ರಶ್ಶು, ಸ್ಪ್ರೇ ಬಾಟಲಿಗಳ ರಾಶಿ.

ಸ್ಲೋಗನ್ ಸಾಹೇಬ ಓಟದ ಅಂಗಿಯಲ್ಲೇ ಕೂತಿದ್ದ. ಹೊಟ್ಟೆ ಮಾತ್ರ ಆ ಅಂಗಿಯ ಮಾತು ಕೇಳುತ್ತಿರಲಿಲ್ಲ.

"ಬನ್ನಿ ಮೇಡಂ. ಘೋರ ಆಗೋಯ್ತು. ನಮ್ಮ ಮನೆ ಮಗಳಿದ್ದ ಹಾಗೆ ಅವಳು."

"ಮನೆ ಮಗಳ ವಿಡಿಯೋ ಇನ್ನೂ ಓಡ್ತಾ ಇದೆ."

"ತೆಗೆಸ್ತೀನಿ, ತೆಗೆಸ್ತೀನಿ. ಒಂದು ಮಾತು ಅರ್ಥ ಮಾಡ್ಕೊಳ್ಳಿ, ನಾವು ಬಿಯರ್ ಮಾರ್ತಿಲ್ಲ. 'ತಪ್ಪು ಮಾಡಿದೆ' ಅನ್ನಿಸದ ಬಿಯರ್ ಮಾರ್ತಿದೀವಿ. ಬೆಳಿಗ್ಗೆ ಓಡಿದವನು ಸಂಜೆ ಕುಡಿದು ಕನ್ನಡಿ ನೋಡ್ಕೋಬೇಕು. ಅಂಥದ್ರಲ್ಲಿ..."

"ನಿನ್ನೆ ಮಧ್ಯಾಹ್ನ ಪತ್ರಕರ್ತರಿಗೆ ಒಂದು ವಿಷಯ ಹೇಳ್ತೀನಿ ಅಂದಿದ್ಲಂತೆ ಚಿಗರೆ. ದಮ್ಮಿನ ಜಾಹೀರಾತು ಬಿಡ್ತೀನಿ ಅಂತ ಹೇಳೋಳಿದ್ಲಾ?"

"ನನಗೇನು ಗೊತ್ತು? ನಾನವಳಿಗೆ ಏನೂ ಮಾಡಿಲ್ಲ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜರಡಿ ನಗಲಿಲ್ಲ. ಚೀಲದಿಂದ ಬಾಟಲಿ ತೆಗೆದು, ಅವನ ಮೇಜಿನ ನಟ್ಟನಡುವೆ ಇಟ್ಟಳು.

"ಇದು ನಿನ್ನೆಯಿಂದ ಬೆವರ್ತಾನೇ ಇದೆ. ಓಡಿದವಳ ಬೆವರು ಒಣಗಿ ಹೋಯ್ತು, ಇದರದ್ದು ಒಣಗಿಲ್ಲ. ಯಾಕೆ?"

ಸಾಹೇಬನ ಮುಖದ ಬಣ್ಣ ಸೋರಿ ಹೋಯಿತು.  ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ಘೋಷಣೆ ಸಿಗಲಿಲ್ಲ.

"ಇದು... ಇದೆಲ್ಲಿ ಸಿಕ್ತು?"

"ಕೇಳಿದ್ದಕ್ಕೆ ಹೇಳಿ."

"ಗ್ಲಿಸರಿನ್. ನೀರು ಚಿಮುಕಿಸಿದ್ರೆ ದೀಪದ ಬಿಸಿಗೆ ಎರಡೇ ನಿಮಿಷ ಮೇಡಂ. ಗ್ಲಿಸರಿನ್ ಬೆರೆಸಿ ಹೊಡೆದ್ರೆ ವಾರ ಆದ್ರೂ ಹನಿ ಹಾಗೇ ನಿಲ್ಲುತ್ತೆ. ಎಲ್ಲ ಜಾಹೀರಾತಲ್ಲೂ ಹೀಗೇ ಮಾಡೋದು. ಇದು ಹೀರೋ ಬಾಟಲಿ. ಕುಡಿಯೋಕಲ್ಲ, ಹಿಡಿಯೋಕೆ."

"ಒಳಗೆ ಏನಿದೆ?"

"ಬಣ್ಣದ ನೀರು."

"ಬರೀ ಬಣ್ಣದ ನೀರು ಕುಡಿದವಳ ಕಿಡ್ನಿ ನಿಲ್ಲುತ್ತಾ?"

"ನೋಡಿ ಮೇಡಂ..." ಅವನು ಕರವಸ್ತ್ರ ಹುಡುಕಿದ. "ಬಾಟಲಿ ತೆಗೆದ ಕೂಡಲೇ ಮಂಜಿನ ಹೊಗೆ ಏಳಬೇಕು ಅಂದ್ರೆ ಗಂಟೆಗಟ್ಟಲೆ ಫ್ರೀಜರ್‌ನಲ್ಲಿ ಇಡ್ಬೇಕು. ನಮ್ಮ ಬಿಯರಲ್ಲಿ ಮದ್ಯ ಕಮ್ಮಿ, ಹೆಪ್ಪುಗಟ್ಟಿ ಬಾಟಲಿ ಸೀಳಿಹೋಗುತ್ತೆ. ಚಹಾ ನೀರು ಹಾಕಿದ್ವಿ, ಅದೂ ಸೀಳ್ತು. ಹೋದ ತಿಂಗಳ ಶೂಟಿಂಗಲ್ಲಿ ಒಂಬತ್ತು ಬಾಟಲಿ ಪಟಾರ್ ಅಂದ್ವು. ಅದಕ್ಕೇ ಈ ಸಲ ನಾನೇ... ಹೆಪ್ಪುಗಟ್ಟದ್ದು ಏನೋ ಒಂದು ಹಾಕಿ, ಬಣ್ಣಕ್ಕೆ ಸ್ವಲ್ಪ ಡಿಕಾಕ್ಷನ್..."

"ಹೆಪ್ಪುಗಟ್ಟದ್ದು?" ಎಂದ ಭಾವ.

ಅಷ್ಟು ಹೊತ್ತು ಬೂಟುಗಳನ್ನು ಎಣಿಸುತ್ತಾ ನಿಂತಿದ್ದವನು ಸರಕ್ಕನೆ ಬಗ್ಗಿ ಮೇಜಿನ ಕೆಳಗಿನ ರಾಶಿಗೆ ಕೈ ಹಾಕಿದ. ಐದು ಲೀಟರಿನ ಬಿಳಿ ಡಬ್ಬಿಯೊಂದನ್ನು ಎಳೆದ. ಅದರ ಮೇಲಿದ್ದ ಕಾರಿನ ಚಿತ್ರ ನೋಡುತ್ತಲೇ ಅವನ ದನಿ ಇಳಿದು ಹೋಯಿತು.

"ನಾದಿನಿ, ಇದು ಕೂಲೆಂಟ್. ಗಾಡಿ ರೇಡಿಯೇಟರಿಗೆ ಹಾಕೋದು."

"ವಿಷಾನಾ?"

"ನಮ್ಮ ಗ್ಯಾರೇಜಲ್ಲಿ ಒಂದು ನಾಯಿ ಇತ್ತು. ನೆಲಕ್ಕೆ ಚೆಲ್ಲಿದ್ದನ್ನ ನೆಕ್ಕಿಬಿಡ್ತು. ಸಿಹಿ ಇರುತ್ತೆ ಕಣಮ್ಮ ಇದು, ಪಾನಕದ ಹಾಗೆ. ಮೊದಲು ತೂರಾಡ್ತು, ಕುಡುಕನ ಹಾಗೆ ಅಂತ ನಾವೆಲ್ಲ ನಕ್ವಿ. ಮೂರನೇ ದಿನ ಸತ್ತೋಯ್ತು. ಉಚ್ಚೆ ಕಟ್ಟಿ ಸತ್ತೋಯ್ತು."



"ವಿಷ ಅಂತ ನಂಗೊತ್ತಿರಲಿಲ್ಲ! ಮಕ್ಕಳಾಣೆ ಗೊತ್ತಿರಲಿಲ್ಲ!" ಸಾಹೇಬ ಗರ ಬಡಿದವನಂತೆ ಡಬ್ಬಿಯನ್ನೇ ನೋಡುತ್ತಿದ್ದ.

ಜರಡಿ ಆಗಲೇ ಆಸ್ಪತ್ರೆಗೆ ಫೋನ್ ಹಚ್ಚಿದ್ದಳು. ಡಬ್ಬಿಯ ಹಿಂದಿನ ಸಣ್ಣಕ್ಷರವನ್ನು ಓದುವಾಗ ಅವಳ ನಾಲಿಗೆ ಎರಡು ಸಲ ತೊಡರಿತು.

"ಎಥಿಲೀನ್ ಗ್ಲೈಕಾಲ್."

ಆ ಕಡೆ ಉಸಿರು ಎಳೆದುಕೊಂಡ ಸದ್ದು. ಆಮೇಲೆ ಬಾಗಿಲು ಹಾಕಿದ ಸದ್ದು.

"ನಾನೀಗ ನನ್ನ ರೂಮಲ್ಲಿದೀನಿ, ಹೇಳಿ. ಖಚಿತಾನಾ?"

"ತುಂಬಿದವರೇ ಎದುರಿಗಿದಾರೆ."

"ಹಾಗಾದ್ರೆ ದಾರಿ ಇದೆ. ಡಯಾಲಿಸಿಸ್ ಈಗಲೇ ಶುರು ಮಾಡ್ತೀನಿ. ಜೊತೆಗೆ ಒಂದು ಮದ್ದು. ಕೇಳಿ ಗಾಬರಿ ಆಗ್ಬೇಡಿ. ಹೊಸ ಔಷಧ ನಮ್ಮಲ್ಲಿ ಇಲ್ಲ. ಹಳೇ ಮದ್ದು ಇದೆ, ಆಲ್ಕೋಹಾಲ್."

"ಏನು?"

"ಹೌದು. ಗ್ಲೈಕಾಲ್ ಹಾಗೇ ಇದ್ರೆ ಅಷ್ಟು ಕೊಲ್ಲಲ್ಲ, ಲಿವರ್ ಅದನ್ನ ಒಡೆದಾಗ ವಿಷ ಆಗುತ್ತೆ. ರಕ್ತದಲ್ಲಿ ಆಲ್ಕೋಹಾಲ್ ಇದ್ರೆ ಲಿವರ್ ಮೊದಲು ಅದರ ಕೆಲಸಕ್ಕೆ ಕೂತುಬಿಡುತ್ತೆ. ಅಷ್ಟರಲ್ಲಿ ನಾವು ಇದನ್ನ ಹೊರಗೆ ತೆಗೀಬಹುದು. ಮೊದಲೇ ಹೊಟ್ಟೆ ತುಂಬ ಕುಡಿದವನು ಇದನ್ನ ನುಂಗಿದ್ರೆ ಬದುಕಿಕೊಳ್ಳೋದೂ ಉಂಟು. ಸರಿ, ಇಡ್ತೀನಿ. ಅವರಣ್ಣನ ಸಹಿ ತಗೋಬೇಕು."

ಗಡಿಯಾರದಲ್ಲಿ ಮೂರು ಗಂಟೆ. ಜರಡಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಹೋಗುತ್ತಿದ್ದ ಜೀವದ ಸೆರಗಿನ ತುದಿ ಬೆರಳಿಗೆ ಸಿಕ್ಕಿದಂತಾಗಿತ್ತು.

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎಂದು ಭಾವ ಸಾಹೇಬನ ಕಡೆ ಉರಿದು ನೋಡಿದ. "ಮಂಜಿನ ಹೊಗೆ ಬೇಕಿತ್ತಂತೆ!"

ಆದರೆ ಜರಡಿಯಲ್ಲಿ ಇನ್ನೂ ಒಂದು ಕಲ್ಲು ಉಳಿದಿತ್ತು.

"ಸಾಹೇಬ್ರೇ, 'ಸಿಹಿ ಇದೆ' ಅಂದಾಗಲೇ ನಿಮಗೆ ಅನುಮಾನ ಬರ್ಬೇಕಿತ್ತು."

ಅವನು ತಲೆ ತಗ್ಗಿಸಿದ. "ವೇದಿಕೆ ಹತ್ರ ಗದ್ದಲ ಇತ್ತು. ಹೀರೋ ಬಾಟಲಿ ಹಿಡಿದು ಫೋಟೋ ತೆಗೆಸ್ಕೋಬೇಕು, ಅದನ್ನ ಕೆಳಗಿಟ್ಟು ಟಬ್ಬಿನ ಬಾಟಲಿ ಕುಡೀಬೇಕು. ಹಾಗೇ ಪಾಠ ಮಾಡಿದ್ವಿ. ಅವಳು ಟಬ್ಬಿನದ್ದೇ ಕುಡೀತಿದಾಳೆ ಅಂದ್ಕೊಂಡೆ. ಸಂಜೆ ಆಸ್ಪತ್ರೆ ಸುದ್ದಿ ಬಂದಾಗ ಎದೆ ಧಸಕ್ ಅಂತು. ತಕ್ಷಣ ಕೋಚ್‌ಗೆ ಫೋನ್ ಮಾಡ್ದೆ. 'ಬಾಟಲಿ ಅದಲುಬದಲಾಯ್ತೇನೋ' ಅಂದೆ."

"ಅವರಣ್ಣನಿಗಾ? ಏನಂದ್ರು?"

"'ಹುಚ್ಚಾ ನಿಮಗೆ? ಅದೇ ಬಾಟಲಿಯಿಂದ ಮೊದಲು ಕುಡಿದಿದ್ದು ನಾನು. ನನಗೇನಾಗಿದೆ? ಬಾಯಿ ಮುಚ್ಕೊಂಡಿರಿ, ಇಲ್ದಿದ್ರೆ ಜೈಲಿಗೆ ಹೋಗೋರು ನೀವೇ' ಅಂದ."

ಜರಡಿ ನಿಂತಲ್ಲೇ ನಿಂತಳು. ನಿನ್ನೆ ಸಂಜೆ ತನ್ನೆದುರು ಬಿಕ್ಕಿಬಿಕ್ಕಿ ಅತ್ತವನು ಈ ಫೋನಿನ ವಿಷಯ ಒಂದಕ್ಷರ ಹೇಳಿರಲಿಲ್ಲ.

"ಹೀರೋ ಬಾಟಲಿ ಯಾವುದು, ಕುಡಿಯೋ ಬಾಟಲಿ ಯಾವುದು ಅಂತ ನಿಮ್ಮವರಿಗೆ ಹೇಗೆ ಗೊತ್ತಾಗುತ್ತೆ?"

"ಬುಡದಲ್ಲಿ ಕೆಂಪು ಚುಕ್ಕೆ. ನೈಲ್ ಪಾಲಿಶ್. ನಾನೇ ಹಾಕ್ತೀನಿ. ಚುಕ್ಕೆ ಬಾಟಲಿ ಬಾಯಿಗಿಡಬಾರದು ಅನ್ನೋದು ಶೂಟಿಂಗಿಗೆ ಬಂದ ಎಲ್ಲರಿಗೂ ಗೊತ್ತು. ಚಿಗರೆಗೂ ಗೊತ್ತು. ಅವಳಂತೂ ಪ್ರತಿ ಸಲ ಬುಡ ತಿರುಗಿಸಿ ನೋಡಿಯೇ ಮುಟ್ಟೋದು."

ಭಾವ ಬಾಟಲಿಯನ್ನು ಕರವಸ್ತ್ರದಲ್ಲಿ ಹಿಡಿದು ಬೆಳಕಿಗೆ ಎತ್ತಿದ. ಮೂವರೂ ಕತ್ತು ಬಗ್ಗಿಸಿ ನೋಡಿದರು.

ಚುಕ್ಕೆ ಇರಲಿಲ್ಲ.

ಅದಿದ್ದ ಜಾಗದಲ್ಲಿ ಬ್ಲೇಡಿನಿಂದ ಕೆರೆದ ಸಣ್ಣ ಗೀರುಗಳು. ಒಂದು ಗೀರಿನ ಸಂದಿಯಲ್ಲಿ ಸಾಸಿವೆಯಷ್ಟು ಕೆಂಪು ಉಳಿದುಕೊಂಡಿತ್ತು.

"ಅಯ್ಯೋ ದೇವರೇ" ಎಂದ ಸಾಹೇಬ. ಇಲ್ಲಿಯವರೆಗೆ ತನ್ನದೇ ತಪ್ಪು ಎಂದುಕೊಂಡು ಬೆವರುತ್ತಿದ್ದವನು ಈಗ ಬೇರೆಯೇ ಭಯಕ್ಕೆ ಬೆವರತೊಡಗಿದ. "ಇದು ತಪ್ಪಲ್ಲ. ಇದು ಯಾರೋ ಬೇಕಂತ..."

"ಎಷ್ಟು ಬಾಟಲಿ ತುಂಬಿದ್ರಿ?"

"ಮೂರು. ಎರಡು ಫ್ರೀಜರಲ್ಲೇ ಇವೆ. ಇನ್ನೊಂದನ್ನ ಮೊನ್ನೆ ಕೋಚ್ ಇಸ್ಕೊಂಡು ಹೋದ. ತಂಗಿ ಮನೇಲಿ ಹಿಡಿದು ಅಭ್ಯಾಸ ಮಾಡ್ಲಿ ಅಂತ. ಈ ಸಲ ಒಳಗೆ ಏನು ಹಾಕಿದೀರಿ ಅಂತ ಕೇಳಿದ, ಡಬ್ಬಿ ತೋರಿಸಿದ್ದೆ. ಓಟದ ದಿನ ಅವನೇ ತಂದ. ಆದ್ರೆ ಮೇಡಂ, ಅವನೂ ಕುಡಿದಿದಾನೆ! ಬೇಕಾದ್ರೆ ನೋಡಿ!"

ಅವನು ಕಂಪ್ಯೂಟರ್ ತನ್ನ ಕಡೆ ಎಳೆದುಕೊಂಡು ನಿನ್ನೆಯ ಫೋಟೋಗಳನ್ನು ಒಂದೊಂದಾಗಿ ತೆರೆದ. ವೇದಿಕೆ. ಚಿಗರೆ. ಪಕ್ಕದಲ್ಲಿ ಅಣ್ಣ. ಅಣ್ಣ ಬಿರಡೆ ಕೀಳುತ್ತಾನೆ. ಅಣ್ಣ ಎರಡು ಗುಟುಕು ಕುಡಿಯುತ್ತಾನೆ, ಗಂಟಲ ಗಂಟು ಮೇಲೇರಿದ್ದು ಸ್ಪಷ್ಟವಾಗಿ ಕಾಣುತ್ತದೆ. ಬಾಯಿ ಒರೆಸಿಕೊಂಡು ಬಾಟಲಿಯನ್ನು ತಂಗಿಗೆ ಕೊಡುತ್ತಾನೆ. ಅವಳು ವಾಡಿಕೆಯಂತೆ ಬುಡ ತಿರುಗಿಸಿ ನೋಡುತ್ತಾಳೆ, ನಗುತ್ತಾಳೆ.

"ಕಂಡ್ರಾ? ವಿಷ ಅಂತ ಗೊತ್ತಿದ್ದೋನು ತಾನೇ ಕುಡೀತಾನಾ? ಅದೂ ಅವನು! ಬಿಯರ್ ಜಾಹೀರಾತಲ್ಲಿ ಇದ್ದೂ ಒಂದು ಹನಿ ಗಂಟಲಿಗಿಳಿಸದ ಮನುಷ್ಯ. ಶೂಟಿಂಗಲ್ಲಿ ಕುಡಿದ ಹಾಗೆ ಮಾಡಿ ಬಕೆಟ್ಟಿಗೆ ಉಗುಳ್ತಿದ್ದ."

"ಹಿಂದಕ್ಕೆ ಹೋಗಿ."

"ಹಾಂ?"

"ಇದಕ್ಕಿಂತ ಮುಂಚಿನ ಫೋಟೋ ತೋರಿಸಿ. ಅವಳು ಇನ್ನೂ ಗೆರೆ ದಾಟದೆ ಇದ್ದಾಗಿನದ್ದು."

ಖಾಲಿ ವೇದಿಕೆ. ಬಾವುಟಗಳು. ಕೈ ತಟ್ಟುವ ಜನ. ಐಸಿನ ಟಬ್ಬುಗಳ ಸಾಲು.

"ನಿಲ್ಲಿಸಿ."

ಜನರೆಲ್ಲ ರಸ್ತೆಯ ಕಡೆ ಮುಖ ಮಾಡಿದ್ದರು. ಒಬ್ಬನು ಮಾತ್ರ ಬೆನ್ನು ತಿರುಗಿಸಿ ಕೊನೆಯ ಟಬ್ಬಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ತಲೆ ಹಿಂದಕ್ಕೆ ಎಸೆದು ಬಾಟಲಿ ಎತ್ತಿದ್ದ. ಕೊರಳಲ್ಲಿ ಕೋಚಿನ ಸೀಟಿ ತೂಗುತ್ತಿತ್ತು. ಅವನ ಕಾಲ ಬಳಿ ಹುಲ್ಲಿನಲ್ಲಿ ಖಾಲಿ ಬಾಟಲಿಗಳು ಉರುಳಿ ಬಿದ್ದಿದ್ದವು.

"ಒಂದು... ಎರಡು... ನಾಲ್ಕು" ಎಂದ ಭಾವ. "ಕೈಯಲ್ಲಿರೋದು ಐದನೇದು."

ತಂಗಿ ಬದುಕಿನ ದೊಡ್ಡ ಓಟ ಗೆಲ್ಲುತ್ತಿದ್ದ ಆ ಗಳಿಗೆಯಲ್ಲಿ, ಹನಿ ಮುಟ್ಟದ ಅಣ್ಣ ರಸ್ತೆಗೆ ಬೆನ್ನು ಹಾಕಿ ಹೊಟ್ಟೆ ತುಂಬ ಬಿಯರ್ ಇಳಿಸುತ್ತಿದ್ದ.

ಡಾಕ್ಟರಮ್ಮನ ಮಾತು ಜರಡಿಯ ಕಿವಿಯಲ್ಲಿ ಮತ್ತೆ ಕೇಳಿತು. ಮೊದಲೇ ಹೊಟ್ಟೆ ತುಂಬ ಕುಡಿದವನು ಇದನ್ನ ನುಂಗಿದ್ರೆ...

ಅವಳಿಗೆ ನಿನ್ನೆ ತನ್ನ ಎರಡೂ ಕೈಗಳನ್ನು ಹಿಡಿದ ಆ ಬೆಚ್ಚಗಿನ, ಒದ್ದೆ ಅಂಗೈ ನೆನಪಾಯಿತು. ಅರಿವಿಲ್ಲದೆ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಯಾಕೆ?" ಎಂದ ಭಾವ, ಯಾರನ್ನೂ ಕೇಳದೆ. "ಸಾಕಿದ ಕೈ ಕಣಮ್ಮ ಅದು. ಯಾಕೆ?"

ಪತ್ರಕರ್ತರಿಗೆ ಚಿಗರೆ ಹೇಳಬೇಕಿದ್ದ ವಿಷಯ ದಮ್ಮಿನದಲ್ಲ, ಅಣ್ಣನದೇ ಇರಬೇಕು ಎಂದು ಜರಡಿಗೆ ಹೊಳೆಯುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು, ಅವಳು ಸ್ಪೀಕರ್ ಒತ್ತಿದಳು. ಡಾಕ್ಟರಮ್ಮ. ಹಿಂದೆ ಯಾರದೋ ಚಪ್ಪಲಿಗಳ ಓಡಾಟ.

"ಮೇಡಂ, ಒಂದು ಸಣ್ಣ ತೊಂದರೆ. ಅವರಣ್ಣ ಸಹಿ ಹಾಕಲ್ಲ ಅಂತಿದಾರೆ."

"ಡಾಕ್ಟ್ರೇ..."

"'ನನ್ನ ತಂಗಿ ರಕ್ತಕ್ಕೆ ಆಲ್ಕೋಹಾಲ್ ಹತ್ತಿಸೋಕೆ ಬಿಡಲ್ಲ, ಅವಳು ಕ್ರೀಡಾಪಟು' ಅಂತ ಕೂಗಾಡಿದ್ರು. ಪರವಾಗಿಲ್ಲ, ಜೀವದ ಪ್ರಶ್ನೆ, ಸಹಿ ಇಲ್ದೇನೂ ಶುರು ಮಾಡಬಹುದು. ಡ್ರಿಪ್ ತಯಾರಾಗ್ತಿದೆ. ಆದ್ರೆ ಒಂದು ವಿಷಯ ನನಗೆ ಬಗೆಹರೀತಿಲ್ಲ."

"ಏನು?"

"ನಾನು ಅವರಿಗೆ ಹೇಳಿದ್ದು 'ಒಂದು ಔಷಧ ಶುರು ಮಾಡ್ಬೇಕು' ಅಂತ ಅಷ್ಟೇ. ಯಾವುದು ಅಂತ ಹೇಳಿರಲಿಲ್ಲ. ಫಾರಂ ಮೇಲೂ ಬರೆದಿರಲಿಲ್ಲ. ಅದು ಆಲ್ಕೋಹಾಲ್ ಅಂತ ಅವರಿಗೆ ಹೇಗೆ ಗೊತ್ತಾಯ್ತು?"

ಜರಡಿ ಬಾಗಿಲ ಕಡೆ ತಿರುಗಿದಳು. ಅವಳು ಕೈಸನ್ನೆ ಮಾಡುವ ಮೊದಲೇ ಭಾವ ಕಾರಿನ ಕೀಲಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ.

"ಡಾಕ್ಟ್ರೇ, ಅವನೀಗ ಎಲ್ಲಿದಾನೆ?"

"ಒಳಗೆ, ತಂಗಿ ಹತ್ರ. ಎರಡು ನಿಮಿಷ ಮಾತಾಡಿಸ್ತೀನಿ ಅಂದ್ರು, ನರ್ಸನ್ನ ಹೊರಗೆ..."

ಮಾತು ಅಲ್ಲಿಗೆ ನಿಂತಿತು. ಚಪ್ಪಲಿಗಳ ಓಡಾಟ ಜೋರಾಯಿತು. ಆಮೇಲೆ ಮರದ ಬಾಗಿಲನ್ನು ಅಂಗೈಯಿಂದ ಬಡಿಯುವ ಸದ್ದು, ಒಂದು, ಎರಡು, ಮೂರು. ಫೋನಿನಿಂದ ದೂರದಲ್ಲಿ ಡಾಕ್ಟರಮ್ಮನ ದನಿ ಕೇಳಿಸಿತು. ಅದು ಅವಳದೇ ದನಿ ಎಂದು ಗುರುತು ಸಿಗದಷ್ಟು ಬದಲಾಗಿತ್ತು.

"ಸಿಸ್ಟರ್... ಒಳಗಿಂದ ಚಿಲಕ ಯಾಕೆ ಬಿದ್ದಿದೆ?"